ಹಗ್ಗದ ಬಂಡಿ ಹತ್ತಿ ಸೂರ್ಯದರ್ಶನ

ಮಧುಗಿರಿ

ಮಧುಗಿರಿಯಲ್ಲಿ ಸೂರ್ಯನನ್ನು ಹುಡುಕಿಕೊಂಡು ಹೋದವರನ್ನು ನಾನು ಕಂಡಿಲ್ಲ. ಅವನೇ ನಮ್ಮನ್ನು ಹುಡುಕಿಕೊಂಡು ಬರುತ್ತಾನೆ. ಬೆಳಿಗ್ಗೆ ಬೆಟ್ಟದ ನೆತ್ತಿಯ ಮೇಲೆ ಬಿಸಿಲು ಬಿದ್ದರೆ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಪೇಟೆ ಬೀದಿಗೆ ಇಳಿದಿರುತ್ತದೆ, ಸ್ವಲ್ಪ ಹೊತ್ತಿಗೆಲ್ಲ ಜನ ನೆರಳಿರುವ ಜಗುಲಿಗಳ ಕಡೆಗೆ ಸರಿಯುತ್ತಾರೆ. ಮಳೆಗಾಲದಲ್ಲೂ ಅವನು ಪೂರ್ತಿ ಮುಖ ಮರೆಸಿದ ದಿನಗಳು ಕಡಿಮೆ. ಆದ್ದರಿಂದ ಸೂರ್ಯನ ಮುಖ ನೋಡದೆ ಊಟ ಮಾಡುವುದಿಲ್ಲವೆಂದು ನಾನು ಹರಕೆ ಹೊತ್ತಾಗ ಅದೇನೂ ದೊಡ್ಡ ತ್ಯಾಗವಾಗಿರಲಿಲ್ಲ. ಹೊಳೆ ದಂಡೆಯಲ್ಲಿರುವವಳು ನೀರು ಕಂಡ ಮೇಲೇ ಉಣ್ಣುತ್ತೇನೆ ಎಂದ ಹಾಗಾಯಿತು ಎಂದು ನಮ್ಮ ಮನೆಯವರು ಈಗಲೂ ಹಂಗಿಸುತ್ತಾರೆ.

ಹರಕೆ ಹೊತ್ತದ್ದು ಮಗಳು ಪದ್ಮಳಿಗಾಗಿ. ಅವಳಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ನನ್ನ ಕೈಯಲ್ಲಿ ಉಳಿಯಲಿಲ್ಲ. ಇವಳು ಮೂರನೆಯವಳು. ಐ.ಡಿ.ಹಳ್ಳಿಯ ತವರಿನಲ್ಲಿ ಬಾಣಂತಿ ಕೋಣೆಯಿಂದ ಮೊದಲ ಸಲ ಹೊರಗೆ ಬಂದ ದಿನ ಅಂಗಳದಲ್ಲಿ ನಿಂತು, ಕೂಸನ್ನು ಎಳೆಬಿಸಿಲಿಗೆ ಹಿಡಿದು ಹೇಳಿಕೊಂಡೆ: ಇದು ಬದುಕಲಿ, ಬೆಳೆಯಲಿ, ತನ್ನ ಕೂಸನ್ನು ತಾನು ಮಡಿಲಲ್ಲಿ ಹಿಡಿಯಲಿ. ಅಲ್ಲಿಯ ತನಕ ನಿನ್ನ ಮುಖ ನೋಡದೆ ನಾನು ತುತ್ತು ಎತ್ತುವುದಿಲ್ಲ. ಮೊದಲ ವರ್ಷ ನೀರನ್ನೂ ಮುಟ್ಟುತ್ತಿರಲಿಲ್ಲ. ಮಿಡ್ಲ್ ಸ್ಕೂಲಿಗೆ ಟೀಚರಾಗಿ ಸೇರಿದ ಮೇಲೆ ಕಾಫಿಗೆ ಮಾತ್ರ ನಾನೇ ರಿಯಾಯಿತಿ ಕೊಟ್ಟುಕೊಂಡೆ. ಕಾಫಿಯನ್ನು ಊಟವೆಂದು ಯಾರೂ ಕರೆಯುವುದಿಲ್ಲವಷ್ಟೆ. ಹೀಗೇ ಇಪ್ಪತ್ತು ವರ್ಷಗಳ ಮೇಲಾಯಿತು.

ಪದ್ಮ ಪಾವಗಡದ ಕಡೆಯ, ಮನೆಯಲ್ಲಿ ತೆಲುಗು ಮಾತಾಡುವ ಇಂಜಿನಿಯರ್ ಹುಡುಗನನ್ನು ಮದುವೆಯಾದಳು. ಗೊಬ್ಬರದ ಕಾರ್ಖಾನೆಯ ಕೆಲಸ ಕಲಿಯಲೆಂದು ಅವನನ್ನು ನಾರ್ವೆ ದೇಶಕ್ಕೆ ಕಳಿಸಿದರು, ಇವಳೂ ಜೊತೆಗೆ ಹೋದಳು, ಅಲ್ಲೇ ಬಸುರಿಯಾದಳು. ಚೊಚ್ಚಲ ಬಾಣಂತನ ತಾಯಿಯ ಕೆಲಸ. ಮಗಳು ತವರಿಗೆ ಬರಲಾಗದಿದ್ದರೆ ತವರೇ ಎದ್ದು ಮಗಳ ಹತ್ತಿರ ಹೋಗಬೇಕು. ನಮ್ಮ ಮನೆಯವರಿಗೆ ಕೊರಟಗೆರೆಯ ಕಚೇರಿಯಲ್ಲಿ ರಜೆ ಸಿಗಲಿಲ್ಲ, ನನಗೆ ಸಿಕ್ಕಿತು. ಸಿರಾದ ಟೈಲರ್ ಬಾಷಾ ಸಾಹೇಬರು ನಮ್ಮ ಕಡೆಯ ಕರಿ ಕಂಬಳಿಯಲ್ಲೇ ಉದ್ದನೆಯ ಕೋಟು ಹೊಲಿದುಕೊಟ್ಟರು. ಒಳ್ಳೆಯ ಕಂಬಳಿಗೆ ಕತ್ತರಿ ಹಾಕಲು ಅವರಿಗೆ ಮನಸ್ಸು ಬಾರದೆ, ಇದು ನಿಜವಾಗಿಯೂ ಬೇಕೇ ಎಂದು ಎರಡು ಸಲ ಕೇಳಿದ್ದರು.

ಡಿಸೆಂಬರ್ ತಿಂಗಳ ಕೊನೆಗೆ ಭೂಮಿಯ ಉತ್ತರದ ಅರ್ಧದಲ್ಲಿ ಹಗಲು ಅತಿ ಚಿಕ್ಕದು ಎಂದು ವರ್ಷವರ್ಷವೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಆ ಪಾಠಕ್ಕೂ ನನ್ನ ಊಟಕ್ಕೂ ಸಂಬಂಧವಿದೆ ಎಂಬುದು ಮಾತ್ರ ಹೊಳೆಯಲೇ ಇಲ್ಲ.

ಓಸ್ಲೋ

ವಿಮಾನದಲ್ಲಿ ಏನೂ ತೊಂದರೆಯಾಗಲಿಲ್ಲ. ಮೋಡದ ಮೇಲೆ ಸೂರ್ಯ ನಮ್ಮ ಪಕ್ಕದಲ್ಲೇ ಬರುತ್ತಿದ್ದ. ಓಸ್ಲೋದಲ್ಲಿ ಇಳಿದ ಮರುದಿನ ಬೆಳಿಗ್ಗೆ ಕಾದು ಕಾದು ಸಾಕಾಗಿ, ನಮ್ಮ ಊರಿನಲ್ಲಿ ಎರಡನೇ ಪೀರಿಯಡ್ ಹೊಡೆಯುವ ಹೊತ್ತಿಗೆ, ಮನೆಗಳ ಸಾಲಿನ ಹಿಂದೆ ಅವನು ಎದ್ದ. ಮಂಕಾಗಿದ್ದ, ಜ್ವರದಿಂದ ಎದ್ದವನ ಹಾಗೆ. ಆದರೂ ಅವನೇ. ನಡುಬೀದಿಯಲ್ಲಿ ನಿಂತು ಕೈಮುಗಿದೆ. ಪಕ್ಕದಲ್ಲಿ ಹೋಗುತ್ತಿದ್ದವರು ನನ್ನನ್ನು ಕಂಡೂ ಕಾಣದವರಂತೆ ಹೋದರು.

ಆ ದೇಶದವರ ಮರ್ಯಾದೆ ಅಂಥದು. ಟ್ರಾಮಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಇರುತ್ತಾರೆ, ಯಾರ ಮುಖವನ್ನೂ ನೇರ ನೋಡುವುದಿಲ್ಲ. ನಮ್ಮ ಮಧುಗಿರಿ ಬಸ್ಸಿನಲ್ಲಾದರೆ ಕೊರಟಗೆರೆ ಬರುವಷ್ಟರಲ್ಲಿ ನಮ್ಮ ಊರು, ಕುಲ, ಮಗಳ ಗಂಡನ ಕೆಲಸ ಎಲ್ಲ ವಿಚಾರಿಸಿ ಮುಗಿಸಿ, ಒಂದು ಮೂಟೆಯನ್ನೂ ನಮ್ಮ ತೊಡೆಯ ಮೇಲೆ ಇಟ್ಟಿರುತ್ತಾರೆ. ನನಗೆ ಬಾಯಿ ಕಟ್ಟಿಹಾಕಿದಂತಾಯಿತು.

ಕರೆದೊಯ್ಯಲು ಬಂದಿದ್ದ ಅಳಿಯ ವೆಂಕಟೇಶನೂ ಆ ದೇಶದವನಂತೆಯೇ ಮೌನವಾಗಿದ್ದ. ರೈಲಿನಲ್ಲಿ ಎರಡು ಸಲ ಏನೋ ಹೇಳಲು ಬಾಯಿ ತೆರೆದ, ಎರಡು ಸಲವೂ ಕಿತ್ತಳೆಹಣ್ಣು ಸುಲಿದುಕೊಟ್ಟ. ಮಧ್ಯದಲ್ಲಿ ದೊಡ್ಡದೊಂದು ಸರೋವರ ಬಂತು. ಅಲ್ಲಿ ರೈಲಿನ ಡಬ್ಬಿಗಳನ್ನೇ ಹಡಗಿಗೆ ಹತ್ತಿಸಿ ದಾಟಿಸುತ್ತಾರೆ. ಹಡಗು ರೈಲನ್ನು ಹೊತ್ತುಕೊಂಡು ಹೋಗುವ ಸೋಜಿಗ ನೋಡುತ್ತಾ ಅಳಿಯನ ಮೌನವನ್ನು ನಾನು ಮರೆತೆ.

ರ್ಯುಕನ್

ಮಗಳಿದ್ದ ಊರಿನ ಹೆಸರು ರ್ಯುಕನ್. ಎರಡು ಬೆಟ್ಟಗಳ ನಡುವಿನ ಆಳವಾದ ಕಣಿವೆ, ಅದರ ತಳದಲ್ಲಿ ಕಾರ್ಖಾನೆ, ಕಾರ್ಖಾನೆಯ ಸುತ್ತ ಊರು. ನಾವು ತಲುಪಿದ್ದು ಸಂಜೆ, ಆಗಲೇ ಕಗ್ಗತ್ತಲು. ತುಂಬಿದ ಬಸುರಿ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ಕಂಡ ಖುಷಿಯಲ್ಲಿ ಬೇರೇನೂ ಕೇಳಲು ತೋಚಲಿಲ್ಲ.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯಲ್ಲಿ ಕೂತೆ. ಬೆಳಕಾಯಿತು. ಆಕಾಶ ತೊಳೆದಿಟ್ಟ ಹಾಗೆ ನೀಲಿಯಾಗಿತ್ತು, ಒಂದು ಚೂರು ಮೋಡವಿಲ್ಲ. ಎದುರು ಬೆಟ್ಟದ ನೆತ್ತಿಗೆ ಹೊಂಬಿಸಿಲು ಬಿತ್ತು. ನಮ್ಮ ಊರಿನಲ್ಲೂ ಹೀಗೇ ತಾನೆ, ಇನ್ನೇನು ಕೆಳಗೆ ಇಳಿಯುತ್ತದೆ ಎಂದು ನೆಮ್ಮದಿಯಾಗಿ ಕಾದೆ. ಬಿಸಿಲು ಇಳಿಯಲಿಲ್ಲ. ನೆತ್ತಿಯ ಮೇಲೇ ಪಕ್ಕಕ್ಕೆ ಸರಿದು ಸರಿದು ಹೋಗುತ್ತಿತ್ತು. ಊರು ಮಾತ್ರ ನೆರಳಲ್ಲೇ ಇತ್ತು. ಸೂರ್ಯ ಯಾವಾಗ ಬರುತ್ತಾನೆ ಎಂದು ಪದ್ಮಳನ್ನು ಕೇಳಿದೆ.

"ಮಾರ್ಚಿಗೆ ಕಣಮ್ಮ" ಎಂದಳು. ಆಮೇಲೆ ನನ್ನ ಮುಖ ನೋಡದೆ, "ದಕ್ಷಿಣಕ್ಕೆ ಬೆಟ್ಟ ಅಡ್ಡ ಐತೆ. ಸೆಪ್ಟೆಂಬರ್‌ನಾಗೆ ಮರೆಯಾದ್ರೆ ಮಾರ್ಚಿಗೇ ಅವನು ಊರೊಳಕ್ಕೆ ಬರೋದು. ಮೊದ್ಲೇ ಹೇಳಿದ್ರೆ ನೀನು ಬರ್ತಿರ್ಲಿಲ್ಲ" ಎಂದಳು.

ನನಗೆ ಕೋಪ ನೆತ್ತಿಗೇರಿತು. ಆರು ತಿಂಗಳು ಸೂರ್ಯನಿಲ್ಲದ ಊರಿಗೆ, ಹರಕೆ ತೀರಲು ಇನ್ನೇನು ಕೆಲವೇ ದಿನ ಉಳಿದಿರುವಾಗ, ಹೇಳದೆ ಕೇಳದೆ ಕರೆಸಿಕೊಂಡಿದ್ದಳು. ಕೋಪದ ಅಡಿಯಲ್ಲಿ ಭಯವಿತ್ತು. ಹರಕೆ ತಪ್ಪಿದರೆ ಅದರ ಏಟು ನನಗೆ ಬೀಳುವುದಿಲ್ಲ. ಯಾರಿಗಾಗಿ ಹೊತ್ತಿದ್ದೇನೋ ಅವಳಿಗೆ ಬೀಳುತ್ತದೆ, ಅದೂ ಹೆರಿಗೆಯ ಹೊತ್ತಿನಲ್ಲಿ. ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಅತ್ತ ತಳ್ಳಿ ಕೂತುಬಿಟ್ಟೆ.

ಆಗ ಅಳಿಯ ರೈಲಿನಲ್ಲಿ ನುಂಗಿಕೊಂಡಿದ್ದ ಮಾತನ್ನು ಹೊರಗೆ ತೆಗೆದ. "ಪರವಾಲೇದು ಅತ್ತಮ್ಮ, ಅದಕ್ಕೆ ದಾರಿ ಐತೆ. ಇಲ್ಲಿಯೋರು ಸೂರ್ಯನ್ನ ನೋಡಾಕೇ ಒಂದು ಬಂಡಿ ಮಡಗವ್ರೆ" ಎಂದ. ಚಳಿಗಾಲದಲ್ಲಿ ಊರ ಜನ ಬಿಸಿಲು ಕಾಣಲಿ ಎಂದು ಬಹಳ ವರ್ಷಗಳ ಹಿಂದೆಯೇ ಉಕ್ಕಿನ ಹಗ್ಗ ಕಟ್ಟಿ, ಅದರ ಮೇಲೆ ಬೆಟ್ಟದ ತುದಿಗೆ ಓಡುವ ಬಂಡಿ ಮಾಡಿದ್ದಾರಂತೆ. ಅತ್ತೆಯನ್ನು ಸಮಾಧಾನ ಮಾಡಲು ಕಥೆ ಕಟ್ಟುತ್ತಿದ್ದಾನೆ ಎಂದುಕೊಂಡೆ.

ಬೆಟ್ಟದ ಮೇಲೆ

ಕಥೆಯಲ್ಲ, ನಿಜ. ಎರಡು ಬಂಡಿಗಳು, ಒಂದು ಕೆಂಪು, ಒಂದು ನೀಲಿ. ಎರಡಕ್ಕೂ ಅಲ್ಲಿಯ ಕಾಡುಹಣ್ಣುಗಳ ಹೆಸರಿಟ್ಟಿದ್ದಾರೆ. ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ ಬರುತ್ತದೆ, ಬಾವಿಯ ರಾಟೆಗೆ ಎರಡು ಬಿಂದಿಗೆ ಕಟ್ಟಿದ ಹಾಗೆ. ನೆಲ ಬಿಟ್ಟ ಕೂಡಲೇ ನಾನು ಕಣ್ಣು ಮುಚ್ಚಿದೆ. ಮಧುಗಿರಿ ಬೆಟ್ಟವನ್ನೇ ಅರ್ಧಕ್ಕೆ ಹತ್ತಿ ತಲೆ ತಿರುಗಿ ವಾಪಸ್ಸು ಬಂದವಳು, ಇಲ್ಲಿ ಕಾಲ ಕೆಳಗೆ ಬರೀ ಗಾಳಿ. ಮುಚ್ಚಿದ ರೆಪ್ಪೆಯ ಮೇಲೆ ತಟ್ಟನೆ ಬೆಚ್ಚಗಾಯಿತು. ಕಣ್ಣು ಬಿಟ್ಟರೆ ಎದುರಿನ ಬೆಟ್ಟಗಳ ಅಂಚಿನಲ್ಲಿ ಅವನು ಕೂತಿದ್ದ.

ಇಳಿದವಳೇ ನಾನು ಮಾಡಿದ್ದು ನಮ್ಮಲ್ಲಿ ಯಾರಾದರೂ ಮಾಡುವುದನ್ನೇ. ದೇವರೆದುರು ಮೆಟ್ಟು ಹಾಕಿಕೊಂಡು ನಿಲ್ಲುವುದುಂಟೆ? ಬೂಟು ಬಿಚ್ಚಿದೆ, ಕಾಲುಚೀಲ ತೆಗೆದೆ, ಬರಿಗಾಲಲ್ಲಿ ಹಿಮದ ಮೇಲೆ ನಿಂತು ತಾಮ್ರದ ಚೊಂಬಿನಿಂದ ಅರ್ಘ್ಯ ಬಿಟ್ಟೆ. ಮಂತ್ರ ಅರ್ಧವಾಗುವಷ್ಟರಲ್ಲಿ ಪಾದ ನನ್ನದಲ್ಲ ಎನ್ನುವಂತಾಯಿತು. ಬಂಡಿ ನಡೆಸುವವನು ಓಡಿ ಬಂದು ತನ್ನ ಕೋಟನ್ನೇ ಬಿಚ್ಚಿ ನನ್ನ ಕಾಲ ಕೆಳಗೆ ಹಾಸಿದ. ಇಬ್ಬರು ಹೆಂಗಸರು ಕೂಡಿಸಿ ಅಂಗಾಲು ಉಜ್ಜಿದರು. ಯಾರ ಮುಖವನ್ನೂ ನೋಡದ ಜನ ನನ್ನ ಪಾದ ಹಿಡಿದು ಕೂತಿದ್ದರು. ಬಿಟ್ಟ ಅರ್ಘ್ಯ ಅಂಚಿಗೆ ಹಾಕಿದ್ದ ಕಂಬಿಯ ಮೇಲೆ ಮಂಜುಗಡ್ಡೆಯಾಗಿ ನಿಂತಿತ್ತು, ಮರುದಿನ ಹೋದಾಗಲೂ ಅದು ಅಲ್ಲೇ ಇತ್ತು. ಬೂಟು ಹಾಕಿಕೊಂಡೇ ಕೈಮುಗಿಯುವುದಕ್ಕೆ ಆ ದಿನವೇ ದೇವರಿಂದ ಅಪ್ಪಣೆ ಪಡೆದುಕೊಂಡೆ.

ದಿನವೂ ಮಧ್ಯಾಹ್ನದ ಬಂಡಿ ನನ್ನ ಪಾಲಿಗೆ ಕಾಯಂ ಆಯಿತು. ಮೇಲಕ್ಕೆ ಬರುವವರೆಲ್ಲ ನನ್ನಂಥವರೇ. ಬೆಂಚಿನ ಮೇಲೆ ಸಾಲಾಗಿ ಕೂತು, ಗಲ್ಲ ಎತ್ತಿ, ಕಣ್ಣು ಮುಚ್ಚಿಕೊಳ್ಳುತ್ತಾರೆ. ಮಾತಿಲ್ಲ. ಮುದುಕನೊಬ್ಬ ಕಾಲರಿನ ಗುಂಡಿ ಬಿಚ್ಚಿ ಕತ್ತಿಗೂ ಬಿಸಿಲು ತೋರಿಸುತ್ತಿದ್ದ. ತಾಯಂದಿರು ಕೂಸುಗಳನ್ನು ಬಟ್ಟೆಯಲ್ಲಿ ಸುತ್ತಿ ತಂದು ಮುಖ ಮಾತ್ರ ಬಿಚ್ಚಿ ಹಿಡಿಯುತ್ತಿದ್ದರು. ಇದು ಪೂಜೆಯಲ್ಲ, ಆರೋಗ್ಯಕ್ಕೆ ಎಂದು ಅಳಿಯ ವಿವರಿಸಿದ. ನನಗೆ ನಂಬಿಕೆ ಬರಲಿಲ್ಲ. ಪಾವಗಡದಲ್ಲಿ ಇದೇ ಸೂರ್ಯನಿಗೆ ಹೆದರಿ ಕೊಡೆ ಹಿಡಿದು ನಡೆಯುವವರನ್ನು ನೆನೆದು ನನಗೆ ನಗು ಬಂತು. ಕಂಬಳಿಯ ಕೋಟನ್ನು ಮುಟ್ಟಿ ನೋಡಿ ಹೆಂಗಸರು ತಲೆದೂಗುತ್ತಿದ್ದರು. ಬಾಷಾ ಸಾಹೇಬರಿಗೆ ಇದನ್ನು ಹೇಳಬೇಕು ಎಂದುಕೊಂಡೆ.

ಗುಣಮ್ಮನ ಅಡುಗೆಮನೆ

ಪದ್ಮಳ ಮನೆಯೊಡತಿ ಕೆಳಗಿನ ಮನೆಯಲ್ಲಿದ್ದಳು. ಗುನ್‌ಹಿಲ್ಡ್ ಎಂದು ಹೆಸರು. ನನ್ನ ನಾಲಿಗೆಗೆ ಅದು ಒಗ್ಗದೆ ಗುಣಮ್ಮ ಎಂದು ಕರೆದೆ, ಅವಳು ಒಪ್ಪಿಕೊಂಡಳು. ಗಂಡ ಸತ್ತವಳು, ಎತ್ತರದ ಆಳು, ಕಾಫಿ ಪ್ರಿಯೆ. ನನ್ನಂತೆ ಅವಳಿಗೂ ಇಂಗ್ಲಿಷ್ ಕಷ್ಟ, ಹಾಗಾಗಿ ಇಬ್ಬರೂ ಅವರವರ ಭಾಷೆಯಲ್ಲಿ ಮಾತಾಡಿ, ಬೇಕಾದಾಗ ಪದ್ಮಳನ್ನು ನಡುವೆ ಎಳೆಯುತ್ತಿದ್ದೆವು. ನಾನು ಮಧುಗಿರಿಯಿಂದ ಒಯ್ದಿದ್ದ ಕಾಫಿಬೀಜವನ್ನು ಅವಳ ಕೈಯಂತ್ರದಲ್ಲಿ ಬೀಸಿ, ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಕುಡಿಯುವುದು ರೂಢಿಯಾಯಿತು.

ಕ್ರಿಸ್‌ಮಸ್ ಹತ್ತಿರ ಬಂದಂತೆ ಗುಣಮ್ಮನ ಮನೆಯಲ್ಲಿ ನಮ್ಮ ಸಂಕ್ರಾಂತಿಯ ಮುಂಚಿನ ಗಡಿಬಿಡಿ. ತೊಳೆದಳು, ಬಳಿದಳು, ರೊಟ್ಟಿ ಸುಟ್ಟಳು, ಸೌದೆ ಒಟ್ಟಿದಳು. ಎಲ್ಲವೂ ಥಾಮಸನ ದಿನದೊಳಗೆ ಮುಗಿಯಬೇಕಂತೆ. ಅದು ಅವರ ಒಬ್ಬ ಸಂತರ ದಿನ, ವರ್ಷದಲ್ಲೇ ಅತಿ ಚಿಕ್ಕ ಹಗಲು ಬರುವ ಹೊತ್ತಿನಲ್ಲಿ ಬರುತ್ತದೆ.

ಥಾಮಸನ ದಿನ

ಆ ಬೆಳಿಗ್ಗೆ ಎದ್ದಾಗ ಹೊರಗೆ ಗಾಳಿ ಊಳಿಡುತ್ತಿತ್ತು. ಹಿಮ ಅಡ್ಡಡ್ಡ ಬೀಳುತ್ತಿತ್ತು. ಮನಸ್ಸಿಗೆ ಕಸಿವಿಸಿಯಾಗಿ, ಕಾಫಿಯಾದರೂ ಕುಡಿಯೋಣವೆಂದು ಕೆಳಗಿಳಿದು ಯಂತ್ರಕ್ಕೆ ಬೀಜ ಸುರಿದು ಹಿಡಿ ತಿರುಗಿಸತೊಡಗಿದೆ. ಗುಣಮ್ಮ ಓಡಿ ಬಂದು ನನ್ನ ಕೈ ಮೇಲೆ ಕೈಯಿಟ್ಟು ಅದುಮಿ ಹಿಡಿದಳು. ಮುಖದಲ್ಲಿ ಗಾಬರಿಯಿತ್ತು. ನನಗೇನೂ ಅರ್ಥವಾಗದೆ ಪದ್ಮಳನ್ನು ಕೂಗಿದೆ.

ವಿಷಯ ಇಷ್ಟು. ಈ ದಿನ ಸೂರ್ಯನ ಚಕ್ರ ನಿಲ್ಲುತ್ತದೆ. ಅದು ನಿಂತು, ದಣಿವಾರಿಸಿಕೊಂಡು, ಮತ್ತೆ ನಮ್ಮ ಕಡೆಗೆ ಹೊರಳಬೇಕು. ಅಲ್ಲಿಯ ತನಕ ಭೂಮಿಯ ಮೇಲೆ ದುಂಡಗೆ ತಿರುಗುವ ಯಾವುದನ್ನೂ ತಿರುಗಿಸಬಾರದು, ರಾಟೆಯಾಗಲಿ, ಬೀಸುವ ಕಲ್ಲಾಗಲಿ. ಗುಣಮ್ಮ ಪ್ರತಿ ಭಾನುವಾರ ಚರ್ಚಿಗೆ ಹೋಗುವವಳು, ಆದರೆ ಇದು ಅವಳ ಅಜ್ಜಿ ಹೇಳಿಕೊಟ್ಟದ್ದು, ಚರ್ಚಿಗಿಂತ ಹಳೆಯದು. ಹಬ್ಬಕ್ಕೆ ಬೇಕಾದ ಕಾಫಿಪುಡಿಯನ್ನೆಲ್ಲ ಅವಳು ಹಿಂದಿನ ದಿನವೇ ಬೀಸಿಟ್ಟಿದ್ದಳು.

ಅದನ್ನು ಕುಡಿಯುತ್ತಾ ಕಥೆಗೆ ಕೂತೆವು. ಅವರ ಹಳೆಯ ದೇವರುಗಳಲ್ಲಿ ಬೆಳಕಿನಂಥವನೊಬ್ಬನಿದ್ದನಂತೆ. ಅವನನ್ನು ಕೊಲ್ಲುವುದಿಲ್ಲವೆಂದು ಅವನ ತಾಯಿ ಜಗತ್ತಿನ ಎಲ್ಲದರಿಂದಲೂ ಮಾತು ಪಡೆದಳು, ಒಂದು ಪುಟ್ಟ ಬಂದಳಿಕೆಯನ್ನು ಮಾತ್ರ ಎಳೆಯದೆಂದು ಬಿಟ್ಟಳು. ಅದೇ ಬಂದಳಿಕೆಯ ಕಡ್ಡಿ ತಾಗಿ ಅವನು ಸತ್ತ. ನಾನು ನಮ್ಮ ಕಡೆಯ ಕಥೆ ಹೇಳಿದೆ: ಬಾಣಗಳ ಹಾಸಿಗೆಯ ಮೇಲೆ ಮಲಗಿದ ಅಜ್ಜ, ಸೂರ್ಯ ಉತ್ತರಕ್ಕೆ ಹೊರಳುವ ತನಕ ಪ್ರಾಣ ಬಿಡದೆ ಕಾದದ್ದು. ಗುಣಮ್ಮ, ಸಾಯುವವರು ಕಾಯಬಹುದು, ಹುಟ್ಟುವವರು ಕಾಯುವುದಿಲ್ಲ ಎಂದಳು. ಹೇಳಿ ಪದ್ಮಳ ಹೊಟ್ಟೆ ನೋಡಿದಳು.

ಮಧ್ಯಾಹ್ನ ಅಳಿಯ ಸುದ್ದಿ ತಂದ. ಗಾಳಿಗೆ ಹಗ್ಗದ ಬಂಡಿ ನಿಲ್ಲಿಸಿದ್ದಾರೆ. ಗುಣಮ್ಮನಿಗೆ ಸಂತೋಷವೋ ಸಂತೋಷ. ಬಂಡಿಯ ಹಗ್ಗ ಎಳೆಯುವ ಅಷ್ಟು ದೊಡ್ಡ ಚಕ್ರವನ್ನು ಈ ದಿನ ತಿರುಗಿಸುವುದು ಅವಳಿಗೆ ವರ್ಷವರ್ಷವೂ ಸಂಕಟದ ವಿಷಯ, ಈ ಸಲವಾದರೂ ನಿಂತಿತಲ್ಲ ಎಂದಳು. ಅವಳ ಸೂರ್ಯ ಬರಲು ಚಕ್ರ ನಿಲ್ಲಬೇಕು, ನನ್ನ ಸೂರ್ಯ ಕಾಣಲು ಚಕ್ರ ತಿರುಗಬೇಕು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳದೂ ನನ್ನ ಹಾಗೆಯೇ ಅಜ್ಜಿಯ ಕಾಲದ ಭಯ. ಆದರೆ ಹಿಂದಿನ ಮಧ್ಯಾಹ್ನ ಉಂಡದ್ದೇ ಕೊನೆ, ನಾನು ಅಂದು ಉಪವಾಸ ಮಲಗಿದೆ.

ಆಸ್ಪತ್ರೆ

ಮರುದಿನವೂ ಗಾಳಿ ನಿಲ್ಲಲಿಲ್ಲ. ಬೆಳಿಗ್ಗೆ ಪದ್ಮಳಿಗೆ ನೋವು ಕಾಣಿಸಿಕೊಂಡಿತು. ಊರಿನ ಆಸ್ಪತ್ರೆ ಹತ್ತಿರದಲ್ಲೇ ಇತ್ತು, ಸೇರಿಸಿದೆವು. ನಾನು ಹೊರಗಿನ ಬೆಂಚಿನಲ್ಲಿ ಕೂತು ಕಿಟಕಿಯಲ್ಲಿ ಬೆಟ್ಟದ ನೆತ್ತಿ ಕಾಣುತ್ತದೆಯೇ ಎಂದು ನೋಡುತ್ತಲೇ ಇದ್ದೆ. ಬೆಟ್ಟವೇ ಕಾಣುತ್ತಿರಲಿಲ್ಲ. ಗುಣಮ್ಮ ಒಂದು ಪಾತ್ರೆಯನ್ನು ಶಾಲಿನಲ್ಲಿ ಸುತ್ತಿ ತಂದಳು. ಹಾಲಿನಲ್ಲಿ ಬೇಯಿಸಿದ ಅಕ್ಕಿ, ನಡುವೆ ಬೆಣ್ಣೆ ಕರಗಿ ನಿಂತಿತ್ತು. ನಾನು ತಲೆಯಾಡಿಸಿದೆ. ಅವಳು ಒತ್ತಾಯ ಮಾಡದೆ ಪಕ್ಕದಲ್ಲಿ ಕೂತಳು.

ಸಂಜೆಯ ಹೊತ್ತಿಗೆ ಎದ್ದು ನಿಂತಾಗ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದೆ. ನರ್ಸ್ ಅದನ್ನು ನೋಡಿ ಒಳಗೆ ಹೋಗಿ ಪದ್ಮಳಿಗೆ ಹೇಳಿದಳು. ಪದ್ಮ ನನ್ನನ್ನು ಕರೆಸಿದಳು. ಪಾತ್ರೆ ಹಿಡಿದು ಗುಣಮ್ಮನೂ ಹಿಂದೆ ಬಂದಳು. ಪದ್ಮಳ ಹಣೆಯೆಲ್ಲ ಬೆವರು, ಕೂದಲು ಅಂಟಿಕೊಂಡಿತ್ತು. ಒಂದು ನೋವು ಬಂದು ಹೋಗುವ ತನಕ ನನ್ನ ಕೈ ಹಿಂಡಿ ಹಿಡಿದಿದ್ದಳು. ಆಮೇಲೆ ಕೇಳಿದಳು:

"ಅಮ್ಮ, ನೀನು ಅವನ ಮುಖ ನೋಡಿ ಉಣ್ಣೋದು ಯಾರಿಗೋಸ್ಕರ?"

"ನಿನಗೋಸ್ಕರಾನೇ ಕಣಮ್ಮ."

"ಅಂಗಾದ್ರೆ ಇವತ್ತು ನನ್ನ ಮುಖ ನೋಡಿ ಉಣ್ಣು."

ಅವಳು ನೋವಿನಲ್ಲೂ ಕಣ್ಣು ಕೀಳದೆ ನನ್ನನ್ನೇ ನೋಡುತ್ತಿದ್ದಳು. ಬಂದಾಗಿನಿಂದ ಬೆಳಿಗ್ಗೆ ಎದ್ದರೆ ನಾನು ನೋಡಿದ್ದು ಕಿಟಕಿ, ಆಕಾಶ, ಬೆಟ್ಟದ ನೆತ್ತಿ. ಇವಳ ಮುಖವನ್ನು ಹೀಗೆ ಕೂತು ನೋಡಿರಲೇ ಇಲ್ಲ. ಕೆನ್ನೆ ಇಳಿದಿತ್ತು. ಮೂಗು ನನ್ನ ಅವ್ವನದು. ಅಂಗಳದಲ್ಲಿ ಬಿಸಿಲಿಗೆ ಹಿಡಿದಿದ್ದಾಗ ಕಣ್ಣು ಚಿಕ್ಕದು ಮಾಡಿಕೊಂಡಿದ್ದ ಕೂಸು ಇದೇ. ಉಳಿದಿದೆ, ಬೆಳೆದಿದೆ, ನನಗೆ ಊಟ ಮಾಡು ಎಂದು ಗದರುತ್ತಿದೆ. ನನಗೆ ಅಳು ತಡೆಯಲಾಗಲಿಲ್ಲ. ಗುಣಮ್ಮ ಪಾತ್ರೆ ಮುಂದೆ ಹಿಡಿದಳು. ಮಗಳ ಮುಖ ನೋಡುತ್ತಾ ಉಂಡೆ, ಪಾತ್ರೆ ಬರಿದಾಗುವ ತನಕ.

ಉಂಡ ಮೇಲೆ ಹೆದರಿಕೆ ಹೋಯಿತು ಎಂದರೆ ಸುಳ್ಳಾಗುತ್ತದೆ. ಒಳಗಿನಿಂದ ಅವಳ ದನಿ ಕೇಳಿದಾಗಲೆಲ್ಲ, ತಿಂದುಬಿಟ್ಟೆನಲ್ಲ, ತಿಂದುಬಿಟ್ಟೆನಲ್ಲ ಎಂದು ಎದೆ ಹೊಡೆದುಕೊಂಡಿತು. ಗುಣಮ್ಮ ತನ್ನ ದೇವರನ್ನು ನೆನೆಯುತ್ತಿದ್ದಳು, ಅಳಿಯ ಪಾವಗಡದ ಶನಿಮಹಾತ್ಮನಿಗೆ ಏನೋ ಹೇಳಿಕೊಳ್ಳುತ್ತಿದ್ದ. ಬೆಳಗಾಗುವ ಮುಂಚೆ ಕೂಸು ಅತ್ತದ್ದು ಕೇಳಿತು. ಹೆಣ್ಣುಕೂಸು, ಗಟ್ಟಿಮುಟ್ಟಾಗಿದೆ, ತಾಯಿಯೂ ಚೆನ್ನಾಗಿದ್ದಾಳೆ ಎಂದು ನರ್ಸ್ ಬಂದು ಹೇಳಿದ್ದನ್ನು ಅಳಿಯ ನನಗೆ ಕನ್ನಡಕ್ಕೆ ತಿರುಗಿಸುವಾಗ ತೆಲುಗಿನಲ್ಲಿ ಹೇಳಿಬಿಟ್ಟ. ನನಗೆ ಅರ್ಥವಾಯಿತು. ಒಳಗೆ ಹೋದಾಗ ಪದ್ಮ ತನ್ನ ಕೂಸನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು.

ಅಂದು ಗಾಳಿ ಅಡಗಿತು. ಇನ್ನು ಮೇಲೆ ಹಗಲು ದಿನಕ್ಕೆ ಹುಂಜದ ಒಂದು ಹೆಜ್ಜೆಯಷ್ಟು ಉದ್ದವಾಗುತ್ತದೆ ಎಂದು ಹೇಳಿ ಗುಣಮ್ಮ ಮನೆಗೆ ಹೋದಳು. ಪದ್ಮ ನಿದ್ದೆ ಹೋಗಿದ್ದಳು. ಮಧ್ಯಾಹ್ನ ಕೂಸು ನನ್ನ ತೊಡೆಯ ಮೇಲಿದ್ದಾಗ ಅಳಿಯ ಏದುಸಿರು ಬಿಡುತ್ತಾ ಒಳಗೆ ಬಂದ. ಬಂಡಿ ಬಿಟ್ಟಿದ್ದಾರೆ, ಬೆಟ್ಟದ ಮೇಲೆ ಚೊಕ್ಕ ಬಿಸಿಲು ಬಿದ್ದಿದೆ, ಬೇಗ ಹೊರಡಿ ಅತ್ತಮ್ಮ, ತಡವಾದರೆ ಮುಳುಗಿಬಿಡುತ್ತಾನೆ ಎಂದ.

ಕೂಸು ಆಗ ತಾನೇ ನನ್ನ ಬೆರಳು ಹಿಡಿದುಕೊಂಡು ಕಣ್ಣು ಮುಚ್ಚಿತ್ತು.

"ನಾಳೀಕೆ ಹೋದ್ರಾಯ್ತು ಬುಡಪ್ಪ" ಎಂದೆ. "ಇಷ್ಟು ವರ್ಸ ನಾನು ಅವನಿಗೆ ಕಾದಿವ್ನಿ. ಇವತ್ತೊಂದು ದಿನ ಅವನು ಕಾಯ್ಲಿ."